‘ಸರ್ವರ್ ಇಲ್ಲ’ ಅನ್ನುವ ಮುಂಚೆ: ಇಮೇಲ್ ಎಂಬ ಅಂಚೆಮನೆ ಕಟ್ಟಿದ ಕಥೆ

‘ಸರ್ವರ್ ಇಲ್ಲ, ನಾಳೆ ಬನ್ನಿ.’

ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಎಲ್ಲಾದರೂ ಒಂದು ಕಡೆ ಈ ಮಾತು ಕೇಳಿಸಿಕೊಳ್ಳದವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಸಿಗಲಿಕ್ಕಿಲ್ಲ. ನಮ್ಮ ಹಳ್ಳಿಗಳಲ್ಲಿ ಸರ್ವರ್ ಅನ್ನುವುದು ಮಳೆಯ ಹಾಗೆ ಆಗಿಬಿಟ್ಟಿದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದನ್ನು ಯಾರು ಕಟ್ಟಿದರು, ಯಾವ ಲೆಕ್ಕಾಚಾರದಲ್ಲಿ ಕಟ್ಟಿದರು, ಈಗ ಯಾರ ಕೈಯಲ್ಲಿದೆ ಎಂದು ಕೇಳುವ ರೂಢಿ ನಮಗಿಲ್ಲ.

ಈ ಸಲ ಒಂದೇ ಬಗೆಯ ಸರ್ವರ್‌ನ ಇತಿಹಾಸ ಹೇಳುತ್ತೇವೆ. ಅದು ಇಮೇಲ್ ಸರ್ವರ್. ವಾಟ್ಸಾಪ್‌ಗೆ ಒಬ್ಬ ಮಾಲೀಕ ಇದ್ದಾನೆ, ಫೇಸ್‌ಬುಕ್‌ಗೂ ಇದ್ದಾನೆ. ಜಿಮೇಲ್‌ಗೂ ಇದ್ದಾನೆ. ಆದರೆ ಇಮೇಲ್‌ಗೆ ಮಾಲೀಕ ಇಲ್ಲ. ಜಿಮೇಲ್ ಎಂಬುದು ಇಮೇಲ್ ಎಂಬ ದೊಡ್ಡ ಊರಿನಲ್ಲಿರುವ ಒಂದು ಮನೆ, ಅಷ್ಟೆ. ಆ ಊರಿನಲ್ಲಿ ಯಾರು ಬೇಕಾದರೂ ಮನೆ ಕಟ್ಟಬಹುದು. ಕಟ್ಟುವುದಕ್ಕೆ ಬೇಕಾದ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಅದರ ಒಳಗಿನ ಬರಹವನ್ನೂ ತೆರೆದು ಓದಬಹುದು, ತಿದ್ದಬಹುದು. ಇದಕ್ಕೆ ಓಪನ್ ಸೋರ್ಸ್ ಅನ್ನುತ್ತಾರೆ, ಕನ್ನಡದಲ್ಲಿ ಮುಕ್ತ ತಂತ್ರಾಂಶ.

ಇದು ಪಟ್ಟಣದವರ ವಿಷಯ ಅಂದುಕೊಳ್ಳಬೇಡಿ. ವಿದ್ಯಾರ್ಥಿ ವೇತನ, ಪೊಲೀಸ್ ನೇಮಕಾತಿ, ಪಾಸ್‌ಪೋರ್ಟ್, ಯಾವ ಆನ್‌ಲೈನ್ ಅರ್ಜಿ ನೋಡಿದರೂ ಇಮೇಲ್ ಐಡಿಗೆ ಒಂದು ಖಾನೆ ಇರುತ್ತದೆ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವಾಗ ಎಷ್ಟೋ ಮಂದಿ ‘ಇಮೇಲ್ ಇಲ್ಲ ಅಣ್ಣ’ ಅನ್ನುತ್ತಾರೆ. ಅಂಗಡಿಯವನು ತನ್ನದೇ ಐಡಿ ಹಾಕಿ ಮುಂದಕ್ಕೆ ಹೋಗುತ್ತಾನೆ. ಅವನದು ತಪ್ಪಲ್ಲ, ಹಿಂದೆ ಕ್ಯೂ ಇದೆ. ಆದರೆ ಆರು ತಿಂಗಳಾದ ಮೇಲೆ ಹಾಲ್ ಟಿಕೆಟ್ ಬರುವುದು ಆ ಅಂಗಡಿಯವನ ಪೆಟ್ಟಿಗೆಗೆ. ಅಷ್ಟರಲ್ಲಿ ಅಂಗಡಿಯೇ ಮುಚ್ಚಿರಬಹುದು. ನಮ್ಮ ಕಾಗದ ಇನ್ನೊಬ್ಬರ ಮನೆ ಬಾಗಿಲಿಗೆ ಬೀಳುತ್ತಿದೆ ಎಂದರೆ ಅಂಚೆಮನೆಯ ಇತಿಹಾಸ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮೊದಲು ನಮ್ಮದೇ ಅಂಚೆ

ಮೈಸೂರು ಸೀಮೆಯವರಿಗೆ ಅಂಚೆ ಹೊಸದಲ್ಲ. ಬ್ರಿಟಿಷರ ಟಪ್ಪಾಲು ಬರುವುದಕ್ಕೆ ತುಂಬ ಮುಂಚೆ, 17ನೇ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರು ರಾಜ್ಯದೊಳಗೆ ಅಂಚೆ ವ್ಯವಸ್ಥೆ ಮಾಡಿದ್ದರು. ಓಟದ ಆಳು ಚೀಲ ಹೊತ್ತು ಒಂದು ಅಂಚೆಮನೆಯಿಂದ ಇನ್ನೊಂದಕ್ಕೆ ಓಡುತ್ತಿದ್ದ. ಅಲ್ಲಿ ಇನ್ನೊಬ್ಬ ಚೀಲ ತೆಗೆದುಕೊಂಡು ಮುಂದಿನ ಠಾಣೆಗೆ ಓಡುತ್ತಿದ್ದ. ಇಡೀ ದಾರಿಯನ್ನು ಯಾರೂ ಒಬ್ಬರೇ ಓಡುತ್ತಿರಲಿಲ್ಲ. ಮೈಸೂರು, ಶ್ರೀರಂಗಪಟ್ಟಣದ ಕಡೆಯಿಂದ ಬೆಂಗಳೂರಿಗೆ ಬರುವ ದಾರಿ ಚನ್ನಪಟ್ಟಣ ಮತ್ತು ಇವತ್ತಿನ ರಾಮನಗರದ ಮೇಲೇ ಹಾದುಹೋಗುತ್ತಿತ್ತು. ಕನಕಪುರ, ಮಾಗಡಿ ಆ ಹೆದ್ದಾರಿಯಿಂದ ಪಕ್ಕಕ್ಕೆ ಉಳಿದವು. ಈಗಲೂ ಹಾಗೇ ತಾನೆ.

ಆ ಅಂಚೆಯಲ್ಲಿ ಇನ್ನೊಂದು ಗುಟ್ಟಿತ್ತು. ಅಂಚೆಯವರು ಕಾಗದ ಸಾಗಿಸುವುದರ ಜೊತೆಗೆ ಊರಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುತ್ತಿದ್ದರು. ಅಂದರೆ ಬೇಹುಗಾರಿಕೆ. ಕಾಗದ ಯಾರ ಕೈಯ ಮೇಲೆ ಹೋಗುತ್ತದೋ ಅವರಿಗೆ ಸುದ್ದಿಯ ಮೇಲೂ ಒಂದು ಹಿಡಿತ ಇರುತ್ತದೆ ಎಂಬುದು ಇಮೇಲ್ ಕಾಲದ ಹೊಸ ಚಿಂತೆ ಏನಲ್ಲ.

1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಇಲಾಖೆ ಹೋದರೂ ಪದ ಉಳಿಯಿತು. ಕನ್ನಡದಲ್ಲಿ ನಾವು ಪೋಸ್ಟ್ ಆಫೀಸಿಗೆ ಇವತ್ತಿಗೂ ಅಂಚೆ ಕಚೇರಿ ಅನ್ನುತ್ತೇವೆ, ಇಮೇಲ್‌ಗೆ ಮಿಂಚಂಚೆ ಎಂದೂ ಬರೆಯುತ್ತೇವೆ. ಹಳಗನ್ನಡದಲ್ಲಿ ‘ಅಂಚೆ’ ಅಂದರೆ ಹಂಸ ಕೂಡ ಹೌದು. ಅದು ಬೇರೆ ಮಾತು.

ಯೋಜನೆ ಇಲ್ಲದೆ ಹುಟ್ಟಿದ್ದು

ಇಮೇಲ್ ಹುಟ್ಟಿದ್ದು 1971ರಲ್ಲಿ, ಅಮೆರಿಕದ ಕೇಂಬ್ರಿಜ್ ಎಂಬ ಊರಿನಲ್ಲಿ. ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಅಕ್ಕಪಕ್ಕದಲ್ಲಿದ್ದ ಎರಡು ದೊಡ್ಡ ಕಂಪ್ಯೂಟರುಗಳ ನಡುವೆ ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಸಂದೇಶ ಕಳಿಸಿದರು. ಮಾಡು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಒಂದೇ ಕಂಪ್ಯೂಟರಿನೊಳಗೆ ಚೀಟಿ ಬಿಡುವ ಒಂದು ತಂತ್ರಾಂಶ ಇತ್ತು, ಕಡತ ಸಾಗಿಸುವ ಇನ್ನೊಂದು ಇತ್ತು. ಎರಡನ್ನೂ ಹೊಂದಿಸಿದರು. ಹೆಸರು ಮತ್ತು ಯಂತ್ರದ ನಡುವೆ @ ಗುರುತು ಇಟ್ಟರು, ಯಾಕೆಂದರೆ ಅದು ಯಾರ ಹೆಸರಿನಲ್ಲೂ ಬರುವುದಿಲ್ಲ. ಮೊದಲ ಸಂದೇಶದಲ್ಲಿ ಏನಿತ್ತು ಎಂಬುದು ಅವರಿಗೇ ಆಮೇಲೆ ನೆನಪಿರಲಿಲ್ಲ.

ಹತ್ತು ವರ್ಷದಲ್ಲಿ ಜಾಲ ದೊಡ್ಡದಾಯಿತು. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕಾಗದ ಕಳಿಸತೊಡಗಿದರು. ಆಗ ನಿಯಮ ಬೇಕಾಯಿತು. ಜಾನ್ ಪೋಸ್ಟೆಲ್ ಎಂಬವರು 1980ರಲ್ಲಿ ಒಂದು ಕರಡು, 1981ರಲ್ಲಿ ತಿದ್ದಿದ ಇನ್ನೊಂದು, ಕೊನೆಗೆ 1982ರ ಆಗಸ್ಟ್‌ನಲ್ಲಿ ಗಟ್ಟಿಯಾದ ಮೂರನೆಯದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದರು. ಅದರ ಹೆಸರು ಎಸ್‌ಎಂಟಿಪಿ. ಕಾಗದ ಸಾಗಿಸುವ ಸರಳ ನಿಯಮ ಎಂದು ಅರ್ಥ. ಹೆಸರಲ್ಲೇ ‘ಸರಳ’ ಇದೆ, ನಿಯಮವೂ ಹಾಗೇ ಇದೆ. ಎರಡು ಸರ್ವರ್‌ಗಳು ಭೇಟಿಯಾದಾಗ ಮೊದಲು ಬಂದವನು ‘ಹೆಲೋ’ ಅನ್ನಬೇಕು, ಕಾಗದ ಯಾರಿಂದ ಎಂದು ಹೇಳಬೇಕು, ಯಾರಿಗೆ ಎಂದು ಹೇಳಬೇಕು, ಆಮೇಲೆ ಕಾಗದ ಕೊಡಬೇಕು. ಇಷ್ಟೇ. ಈ ನಿಯಮವನ್ನು ಯಾವ ಕಂಪನಿಯೂ ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಯಾರು ಬೇಕಾದರೂ ಓದುವಂತೆ ಪ್ರಕಟವಾಯಿತು.

ಇದರ ಫಲ ಇವತ್ತು ನಮ್ಮ ಫೋನಿನಲ್ಲಿದೆ. ಕನಕಪುರದಿಂದ ಜಿಮೇಲ್‌ನಲ್ಲಿ ಕಳಿಸಿದ್ದು ಮಾಗಡಿಯಲ್ಲಿ ಯಾಹೂ ಪೆಟ್ಟಿಗೆಗೆ ಬೀಳುತ್ತದೆ. ವಾಟ್ಸಾಪ್‌ನಿಂದ ಟೆಲಿಗ್ರಾಂಗೆ ಹಾಗೆ ಕಳಿಸಲು ಆಗುವುದಿಲ್ಲವಲ್ಲ.

ಒಂದೇ ಕಂಬದ ಮನೆ

ನಿಯಮ ಬೇರೆ, ಆ ನಿಯಮದಂತೆ ಕೆಲಸ ಮಾಡುವ ತಂತ್ರಾಂಶ ಬೇರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಎಂಬ ವಿದ್ಯಾರ್ಥಿ ಇದ್ದರು. ಅವರು ಕೆಲಸ ಮಾಡುತ್ತಿದ್ದ ಕಂಪ್ಯೂಟರಿಗೆ ಮಾತ್ರ ಅರ್ಪಾನೆಟ್ ಸಂಪರ್ಕ ಇತ್ತು. ಎಲ್ಲರೂ ಅದರಲ್ಲಿ ಒಂದು ಖಾತೆ ಬೇಕು ಎಂದು ಬಂದು ನಿಲ್ಲುತ್ತಿದ್ದರು. ಇಷ್ಟು ಜನಕ್ಕೆ ಖಾತೆ ಕೊಡುವ ಬದಲು ಅವರವರ ಕಂಪ್ಯೂಟರಿಗೇ ಕಾಗದ ದಾಟಿಸುವ ಒಂದು ತಂತ್ರಾಂಶ ಬರೆದುಬಿಡೋಣ ಎಂದು ಆಲ್ಮನ್ 1979ರ ಹೊತ್ತಿಗೆ ‘ಡೆಲಿವರ್‌ಮೇಲ್’ ಬರೆದರು. ಅದೇ ಬೆಳೆದು 1983ರ ಹೊತ್ತಿಗೆ ‘ಸೆಂಡ್‌ಮೇಲ್’ ಆಯಿತು. ಪೀಡೆ ತಪ್ಪಿಸಿಕೊಳ್ಳಲು ಬರೆದದ್ದು ಪ್ರಪಂಚದ ಬಹುಪಾಲು ಇಮೇಲ್ ಹೊರುವ ತಂತ್ರಾಂಶವಾಯಿತು.

ಸೆಂಡ್‌ಮೇಲ್ ಒಂದೇ ದೊಡ್ಡ ತಂತ್ರಾಂಶ. ಕಾಗದ ತೆಗೆದುಕೊಳ್ಳುವವನು, ಬೇರ್ಪಡಿಸುವವನು, ಹಂಚುವವನು, ಬೀಗದ ಕೈ ಇಟ್ಟುಕೊಂಡವನು ಎಲ್ಲವೂ ಅದೇ. ಕಂಪ್ಯೂಟರಿನ ಪೂರ್ಣ ಅಧಿಕಾರವೂ ಅದರ ಕೈಯಲ್ಲೇ.

1988ರ ನವೆಂಬರ್ 2ರಂದು ಇದರ ಬೆಲೆ ತಿಳಿಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ‘ಹುಳು’ ತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿತು. ಅಂದಾಜು 6,000 ಯಂತ್ರಗಳು ಸೋತು ಕುಳಿತವು ಎಂದು ಆಗ ಲೆಕ್ಕ ಹಾಕಿದರು. ಹುಳು ಒಳಗೆ ನುಗ್ಗಿದ ಬಾಗಿಲುಗಳಲ್ಲಿ ಒಂದು ಸೆಂಡ್‌ಮೇಲ್‌ನಲ್ಲಿತ್ತು. ಅದು ಕಳ್ಳ ಕೊರೆದ ಬಾಗಿಲಲ್ಲ. ಪರೀಕ್ಷೆ ಮಾಡುವ ಹಂತದಲ್ಲಿ ತಪ್ಪು ಹುಡುಕಲು ಇಟ್ಟುಕೊಂಡಿದ್ದ ಸೌಲಭ್ಯವನ್ನು ಎಷ್ಟೋ ಕಡೆ ಬಳಕೆಗೆ ಕೊಡುವಾಗಲೂ ಮುಚ್ಚದೆ ಹಾಗೇ ಬಿಟ್ಟಿದ್ದರು. ಗಾರೆ ಕೆಲಸ ಮುಗಿದ ಮೇಲೂ ಏಣಿಯನ್ನು ಗೋಡೆಗೆ ಒರಗಿಸಿಟ್ಟು ಮನೆಗೆ ಬಂದಂತೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿ

ಅಮೆರಿಕದಲ್ಲಿ ಹೀಗಾಗುತ್ತಿದ್ದಾಗ ನಮ್ಮ ಕಡೆ ಕೆಲಸ ಇನ್ನೂ ತಳಪಾಯದಲ್ಲಿತ್ತು. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲ ಶುರುಮಾಡಿತು. ಎಂಟು ಸಂಸ್ಥೆಗಳು ಅದರಲ್ಲಿದ್ದವು. ಐದು ಐಐಟಿ, ಮುಂಬೈನ ಎನ್‌ಸಿಎಸ್‌ಟಿ, ದೆಹಲಿಯ ಇಲಾಖೆ, ಮತ್ತೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು ಇದಕ್ಕೇ.

ಕರ್ನಾಟಕದ ಮಟ್ಟಿಗೆ ಇಮೇಲ್ ಸರ್ವರ್ ಹಂತ ಹಂತವಾಗಿ ಕಟ್ಟಿದ ಮೊದಲ ಕಥೆ ಇದೇ ಎಂದು ನಾವು ಎಣಿಸುತ್ತೇವೆ. ಅರ್ನೆಟ್‌ನವರು ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಲಿಲ್ಲ. ಮೊದಲ ಹಂತದಲ್ಲಿ ಕೊಟ್ಟದ್ದು ಇಮೇಲ್ ಒಂದನ್ನೇ. ಅದೂ ಯುಯುಸಿಪಿ ಎಂಬ ಹಳೆಯ ವಿಧಾನದಲ್ಲಿ. ಒಂದು ಕಂಪ್ಯೂಟರ್ ಕಾಗದಗಳನ್ನು ಗುಡ್ಡೆ ಹಾಕಿಕೊಂಡು ಕಾಯುತ್ತದೆ, ಟೆಲಿಫೋನ್ ಮಾರ್ಗದಲ್ಲಿ ಇನ್ನೊಂದಕ್ಕೆ ಕರೆ ಮಾಡುತ್ತದೆ, ಗಂಟು ಒಪ್ಪಿಸುತ್ತದೆ, ಫೋನ್ ಇಡುತ್ತದೆ. ಚಿಕ್ಕದೇವರಾಜರ ಓಟದ ಆಳು ಮಾಡಿದ್ದೂ ಇದನ್ನೇ. 1990ರಲ್ಲಿ ಜಾಲಕ್ಕೆ ಅಂತರರಾಷ್ಟ್ರೀಯ ವಿಳಾಸಗಳ ಒಂದು ದೊಡ್ಡ ಗುಂಪು ಸಿಕ್ಕಿತು. 1991ರ ಜನವರಿಯಲ್ಲಿ ದೆಹಲಿ ಮತ್ತು ಮುಂಬೈ ನಡುವೆ ಮೊದಲ ಖಾಯಂ ಮಾರ್ಗ ಬಂತು. 1992ರ ಹೊತ್ತಿಗೆ ಬೆಂಗಳೂರಿನ ಸಂಸ್ಥೆಯೂ ಸೇರಿ ಎಲ್ಲ ಕೇಂದ್ರಗಳಿಗೂ ಅಂಥ ಮಾರ್ಗ ಆಯಿತು. ಅದೇ ವರ್ಷ ಮುಂಬೈನಿಂದ ಅಮೆರಿಕಕ್ಕೆ 64 ಕಿಲೋಬಿಟ್‌ನ ಕೊಂಡಿ ಕೂಡಿತು.

ಆ ಖಾಯಂ ಮಾರ್ಗದ ವೇಗ ಎಷ್ಟು ಗೊತ್ತೆ? ಸೆಕೆಂಡಿಗೆ 9.6 ಕಿಲೋಬಿಟ್. ನೀವು ಈಗ ಫೋನಿನಲ್ಲಿ ತೆಗೆಯುವ 3 ಎಂಬಿಯ ಒಂದು ಫೋಟೊ ಆ ಮಾರ್ಗದಲ್ಲಿ ಹೋಗಲು 40 ನಿಮಿಷಕ್ಕೂ ಹೆಚ್ಚು ಬೇಕು. ರಾಮನಗರದಿಂದ ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಕೈಯಲ್ಲೇ ಕೊಟ್ಟು ಬರಬಹುದು. ಆದರೂ ಕೆಲಸ ನಡೆಯಿತು, ಯಾಕೆಂದರೆ ಆ ಹಂತದಲ್ಲಿ ಸಾಗಬೇಕಿದ್ದದ್ದು ಬರಿಯ ಅಕ್ಷರ. ಎಷ್ಟು ತಾಳುತ್ತದೋ ಅಷ್ಟೇ ಹೊರಿಸಿದರು.

ಈ ಬುದ್ಧಿ ನಮ್ಮ ಸೀಮೆಗೆ ಹೊಸದೇನಲ್ಲ. ಪಹಣಿಯ ‘ಭೂಮಿ’ ಯೋಜನೆ ನೆನಪಿಸಿಕೊಳ್ಳಿ. 1999ರಲ್ಲಿ ಮೊದಲು ನಮ್ಮ ಪಕ್ಕದ ಮದ್ದೂರಿನಲ್ಲಿ ಕಂಪ್ಯೂಟರ್ ಪಹಣಿ ಕೇಂದ್ರ ತೆರೆದು ನೋಡಿ, ಆಮೇಲೆ ಬೇರೆ ತಾಲ್ಲೂಕುಗಳಿಗೆ ಒಯ್ದರು. ಕಂಪ್ಯೂಟರ್ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ತೆಗೆದರು. ಆದರೆ ಭೂಮಿಯ ಸರ್ವರ್ ಸರ್ಕಾರದ್ದು. ಅದರೊಳಗೆ ಇನ್ನೊಬ್ಬರು ಒಂದು ಇಟ್ಟಿಗೆ ಸೇರಿಸಲಾರರು. ಅಲ್ಲೇ ಇಮೇಲ್ ಬೇರೆಯಾಗುವುದು.

ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್‌ನಿಂದ. ಮರುವರ್ಷ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಶುರುವಾಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ. ಪುಕ್ಕಟೆ ಇಮೇಲ್ ಕೊಟ್ಟು ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನರನ್ನು ಸೇರಿಸಿದ್ದು, 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಹಾಟ್‌ಮೇಲ್ ಅಷ್ಟು ಬೇಗ ಎದ್ದು ನಿಂತದ್ದು ಮುಕ್ತ ತಂತ್ರಾಂಶಗಳ ಮೇಲೆ ಎಂಬುದು. ಫ್ರೀಬಿಎಸ್‌ಡಿ ಮತ್ತು ಅಪಾಚೆ ಎಂಬ ಪುಕ್ಕಟೆ ಇಟ್ಟಿಗೆ ಗಾರೆ ಅವರಿಗೆ ಸಿದ್ಧವಾಗಿ ಸಿಕ್ಕಿತ್ತು. ಮೈಕ್ರೋಸಾಫ್ಟ್ ಕೊಂಡ ಮೇಲೂ ಅದನ್ನು ತನ್ನ ವಿಂಡೋಸ್‌ಗೆ ಸಾಗಿಸಲು ವರ್ಷಗಳೇ ಹಿಡಿದವು.

ಮನೆ ಒಡೆದು ಕೋಣೆ ಮಾಡಿದವರು

ಸೆಂಡ್‌ಮೇಲ್ ಬದಲಿಗೆ ಹೊಸದು ಕಟ್ಟಬೇಕು ಎಂದು 1990ರ ದಶಕದಲ್ಲಿ ಹಲವರು ಹೊರಟರು. ಇಬ್ಬರ ಕಥೆ ಹೇಳಬೇಕು.

ಒಬ್ಬರು ಡೇನಿಯಲ್ ಬರ್ನ್‌ಸ್ಟೈನ್, ಅಮೆರಿಕದ ಗಣಿತಜ್ಞ. ಅವರ ‘ಕ್ಯೂಮೇಲ್’ ಬಹಳ ಗಟ್ಟಿ. ಭದ್ರತೆಯಲ್ಲಿ ಬಿರುಕು ತೋರಿಸಿದವರಿಗೆ 500 ಡಾಲರ್ ಕೊಡುತ್ತೇನೆ ಎಂದು 1997ರಲ್ಲೇ ಪಂಥ ಕಟ್ಟಿದ್ದರು. ಅದರ 1.03 ಎಂಬ ಆವೃತ್ತಿ 1998ರಲ್ಲಿ ಬಂತು, ಅಲ್ಲಿಗೇ ನಿಂತಿತು. ಒಳಗಿನ ಬರಹ ಓದಬಹುದಿತ್ತು, ಆದರೆ ತಿದ್ದಿದ ಪ್ರತಿಯನ್ನು ಹಂಚಲು ಅನುಮತಿ ಇರಲಿಲ್ಲ. ಕಾಲ ಬದಲಾದಂತೆ ಜನ ತೇಪೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು ಮನೆಯಲ್ಲೇ ಹಚ್ಚಿಕೊಳ್ಳಬೇಕಾಯಿತು. ಬರ್ನ್‌ಸ್ಟೈನ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು 2007ರಲ್ಲಿ. ಅಷ್ಟರಲ್ಲಿ ತಡವಾಗಿತ್ತು.

ಇನ್ನೊಬ್ಬರು ವೀಟ್ಸೆ ವೆನೆಮಾ, ನೆದರ್‌ಲ್ಯಾಂಡ್ಸ್‌ನವರು. ಅಮೆರಿಕದಲ್ಲಿ ಐಬಿಎಂ ಸಂಶೋಧನಾಲಯದಲ್ಲಿದ್ದಾಗ ಹೊಸ ಇಮೇಲ್ ಸರ್ವರ್ ಬರೆದರು. ಮೊದಲು ಅದಕ್ಕೆ ವಿಮೇಲರ್ ಎಂಬ ಹೆಸರಿತ್ತು. 1998ರ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಈಗಿನ ಹೆಸರು ಪೋಸ್ಟ್‌ಫಿಕ್ಸ್.

ವೆನೆಮಾ ಅವರ ಯೋಜನೆಯಲ್ಲಿ ನಮಗೆ ಇಷ್ಟವಾಗುವುದು ಎರಡು ತೀರ್ಮಾನ. ಒಂದು, ಹೊರಬಾಗಿಲು ಹಳೆಯದೇ ಇರಲಿ ಎಂದದ್ದು. ಸೆಂಡ್‌ಮೇಲ್ ಎಂಬ ಆಜ್ಞೆಯನ್ನು ಬಳಸುತ್ತಿದ್ದ ನೂರಾರು ತಂತ್ರಾಂಶಗಳು ಏನೂ ಬದಲಾಯಿಸಿಕೊಳ್ಳದೆ ಪೋಸ್ಟ್‌ಫಿಕ್ಸ್ ಜೊತೆ ಕೆಲಸ ಮಾಡಬಹುದಿತ್ತು. ಬಸ್ಸು ನಿಲ್ಲಿಸದೆ ಬಸ್ ನಿಲ್ದಾಣ ಕಟ್ಟಿದಂತೆ. ಎರಡು, ಒಂದೇ ಕಂಬದ ಮನೆಯನ್ನು ಒಡೆದು ಕೋಣೆ ಕೋಣೆ ಮಾಡಿದ್ದು. ಹೊರಗಿನಿಂದ ಕಾಗದ ತೆಗೆದುಕೊಳ್ಳಲು ಒಂದು ಸಣ್ಣ ತಂತ್ರಾಂಶ. ವಿಳಾಸ ಸರಿಮಾಡಲು ಒಂದು. ಸರದಿ ನೋಡಿಕೊಳ್ಳಲು ಒಂದು. ಹೊರಗೆ ಒಯ್ಯಲು ಒಂದು, ಮನೆಯೊಳಗೆ ಹಂಚಲು ಇನ್ನೊಂದು. ತಲುಪದ ಕಾಗದವನ್ನು ಕಳಿಸಿದವರಿಗೆ ತಿರುಗಿಸಲು ಮತ್ತೊಂದು. ಯಾರಿಗೂ ತನ್ನ ಕೆಲಸಕ್ಕಿಂತ ಹೆಚ್ಚಿನ ಅಧಿಕಾರ ಇಲ್ಲ, ಒಬ್ಬರು ಇನ್ನೊಬ್ಬರನ್ನು ಕುರುಡಾಗಿ ನಂಬುವುದಿಲ್ಲ. ಮುಂಬಾಗಿಲಲ್ಲಿ ಕಳ್ಳ ನುಗ್ಗಿದರೂ ಬೀರುವಿನ ಕೀಲಿ ಸಿಗುವುದಿಲ್ಲ.

ಅಂಚೆ ಕಚೇರಿಯೊಳಗೆ ಯಾವತ್ತಾದರೂ ಇಣುಕಿದ್ದರೆ ಇದು ನಿಮಗೆ ಹೊಸದಾಗಿ ಕಾಣುವುದಿಲ್ಲ. ಮುದ್ರೆ ಒತ್ತುವವರು, ಬೇರ್ಪಡಿಸುವವರು, ಹಂಚುವವರು ಬೇರೆ ಬೇರೆ.

ಕಾಗದ ಸಾಗುವ ಬಗೆಯನ್ನೂ ಹೇಳಿಬಿಡುತ್ತೇವೆ. ಬಂದ ಕಾಗದ ಮೊದಲು ‘ಒಳಬಂದದ್ದು’ ಎಂಬ ಸಾಲಿನಲ್ಲಿ ನಿಲ್ಲುತ್ತದೆ. ಸರದಿ ಬಂದಾಗ ‘ಚಾಲ್ತಿ’ ಸಾಲಿಗೆ ಹೋಗುತ್ತದೆ. ಆ ಕಡೆಯ ಸರ್ವರ್ ಉತ್ತರ ಕೊಡದಿದ್ದರೆ ‘ಮುಂದೂಡಿದ್ದು’ ಎಂಬ ಸಾಲಿಗೆ ಬಂದು ಕಾಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನ, ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟು ಮತ್ತೊಂದು. ಬೇರೆ ಏನೂ ಹೇಳದಿದ್ದರೆ ಪೋಸ್ಟ್‌ಫಿಕ್ಸ್ 5 ದಿನ ಹೀಗೆ ಪ್ರಯತ್ನಿಸಿ, ಆಮೇಲೆ ‘ಆಗಲಿಲ್ಲ’ ಎಂದು ಕಳಿಸಿದವರಿಗೆ ತಿಳಿಸುತ್ತದೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ನಮ್ಮನ್ನು ಮನೆಗೆ ಕಳಿಸುವುದಿಲ್ಲ. ನಾಳೆ ಬರುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ನಮ್ಮ ಕಚೇರಿಗಳ ಸರ್ವರ್ ಯೋಜಿಸುವವರು ಈ ಒಂದು ಗುಣವನ್ನಾದರೂ ಕಲಿತಿದ್ದರೆ ಎಷ್ಟೋ ಜನರ ಬಸ್ ಚಾರ್ಜು ಉಳಿಯುತ್ತಿತ್ತು.

ಇನ್ನೊಂದು ಸೌಲಭ್ಯ ನಮ್ಮೂರುಗಳಿಗೆ ಹೇಳಿಮಾಡಿಸಿದಂತಿದೆ. ಟಿಪ್ಪುವಿನ ಕಾಲದ ಶಂಸೇರಾಬಾದ್ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಆಯಿತು, ಆಮೇಲೆ ರಾಮನಗರ. ಕಂಕಾನಹಳ್ಳಿ ಕನಕಪುರ ಆಯಿತು. ಈಗ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೊಸ ಹೆಸರು. ಹಳೆಯ ಹೆಸರು ಬರೆದ ಕಾಗದ ಕಳೆದುಹೋಗಬಾರದಲ್ಲ? ಇಮೇಲ್ ಸರ್ವರ್‌ನಲ್ಲಿ ಅದಕ್ಕೊಂದು ಪಟ್ಟಿ ಇರುತ್ತದೆ. ಈ ಹೆಸರಿಗೆ ಬಂದದ್ದನ್ನು ಆ ಹೆಸರಿಗೆ ಕೊಡು ಎಂದು ಒಂದು ಸಾಲು ಬರೆದರೆ ಸಾಕು.

ಪೋಸ್ಟ್‌ಫಿಕ್ಸ್ ಸಾಗಿಸುತ್ತದೆ, ಪೆಟ್ಟಿಗೆಯಲ್ಲಿಟ್ಟು ಓದಲು ಕೊಡುವ ಕೆಲಸ ಅದರದ್ದಲ್ಲ. ಅದಕ್ಕೆ ಫಿನ್‌ಲ್ಯಾಂಡಿನ ಟಿಮೊ ಸಿರೈನೆನ್ 2002ರಲ್ಲಿ ಬಿಡುಗಡೆ ಮಾಡಿದ ‘ಡವ್‌ಕಾಟ್’ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಬಂತು. ಎರಡನ್ನೂ ಬರೆದವರು ಬೇರೆ ಬೇರೆ ದೇಶದವರು. ನಿಯಮ ಒಂದೇ ಇದ್ದುದರಿಂದ ಹೊಂದಿಕೊಂಡಿತು.

ಪೋಸ್ಟ್‌ಫಿಕ್ಸ್ ಬೆಳೆಯುವ ಕ್ರಮವೂ ನೋಡುವಂಥದ್ದು. ಹೊಸ ಸೌಲಭ್ಯ ಮೊದಲು ‘ಪ್ರಾಯೋಗಿಕ’ ಆವೃತ್ತಿಯಲ್ಲಿ ಬರುತ್ತದೆ. ಧೈರ್ಯ ಇದ್ದವರು ಬಳಸಿ ತಪ್ಪು ಹುಡುಕುತ್ತಾರೆ. ಸುಮಾರು ವರ್ಷಕ್ಕೊಮ್ಮೆ, ಮಾಗಿದ್ದನ್ನು ಮಾತ್ರ ಆರಿಸಿ ‘ಸ್ಥಿರ’ ಆವೃತ್ತಿ ಮಾಡುತ್ತಾರೆ. ಹಳೆಯದು ಬಳಸುವವರನ್ನು ನಡುನೀರಿನಲ್ಲಿ ಕೈಬಿಡುವುದಿಲ್ಲ, ಕೊನೆಯ ನಾಲ್ಕು ಸ್ಥಿರ ಆವೃತ್ತಿಗಳಿಗೆ ದುರಸ್ತಿ ಸಿಗುತ್ತದೆ. ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕನೆಯ ಜ್ವರ ಏಳದ ಹುಳುವನ್ನು ಚಂದ್ರಿಕೆಗೆ ಬಿಡುವವರು ಯಾರು?

ಕನ್ನಡ ಅಕ್ಷರ ಒಳಗೆ ಬಂದದ್ದು

ಈಗ ನಮಗೆ ಸಂಬಂಧಿಸಿದ ಮುಖ್ಯ ಭಾಗ. 1982ರ ನಿಯಮ ಬರೆದವರ ತಲೆಯಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ, ಒಟ್ಟು 128 ಗುರುತು. ಕನ್ನಡದ ಒಂದು ‘ಕ’ಕ್ಕೂ ಅಲ್ಲಿ ಜಾಗ ಇರಲಿಲ್ಲ. ತಮಿಳಿಗೆ, ಚೀನೀ ಭಾಷೆಗೆ, ಅರಬ್ಬಿಗೂ ಇರಲಿಲ್ಲ.

ಮನೆ ಕೆಡವಿ ಹೊಸದು ಕಟ್ಟಿ ಎಂದು ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಪ್ರಪಂಚವೆಲ್ಲ ಅದೇ ಮನೆಯಲ್ಲಿ ವಾಸ ಇತ್ತು. ಹಾಗಾಗಿ ಮೆಟ್ಟಿಲು ಹಾಕಿದರು. 1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. 1992ರಲ್ಲಿ ‘ಮೈಮ್’ ಎಂಬ ನಿಯಮ ಬಂದು ಇಮೇಲ್‌ನ ಒಳಗೆ ಬೇರೆ ಭಾಷೆ, ಚಿತ್ರ, ಕಡತ ಕಳಿಸಬಹುದಾಯಿತು. 1993ರಲ್ಲಿ ಒಂದು ಸಣ್ಣ ಬದಲಾವಣೆ ಆಯಿತು, ಎಲ್ಲಕ್ಕಿಂತ ಜಾಣತನದ್ದು ಅದೇ ಎಂದು ನಮಗೆ ಅನಿಸುತ್ತದೆ. ಸರ್ವರ್‌ಗಳು ‘ಹೆಲೋ’ ಅನ್ನುವ ಬದಲು ‘ಎಹೆಲೋ’ ಅನ್ನಬಹುದು ಎಂದರು. ಹಾಗಂದರೆ ಎದುರಿನ ಸರ್ವರ್ ‘ನನಗೆ ಇಂತಿಂಥ ಹೊಸ ಕೆಲಸ ಬರುತ್ತದೆ’ ಎಂದು ಪಟ್ಟಿ ಓದುತ್ತದೆ. ಅದು ಹಳೆಯ ಸರ್ವರ್ ಆದರೆ ‘ತಿಳಿಯಲಿಲ್ಲ’ ಅನ್ನುತ್ತದೆ. ಬಂದವನು ಬೇಸರ ಮಾಡಿಕೊಳ್ಳದೆ ಹಳೆಯ ‘ಹೆಲೋ’ ಅಂದು ಕೆಲಸ ಮುಗಿಸುತ್ತಾನೆ. ಮುಂದೆ ಏನು ಬರಬಹುದು ಎಂದು ಗೊತ್ತಿಲ್ಲದೆಯೇ ಅದಕ್ಕೊಂದು ಬಾಗಿಲು ಇಟ್ಟರು.

ನಮ್ಮಂಥ ಬಿಡಿ ವರದಿಗಾರರಿಗೆ ಇದರ ನಡುವಿನ ಕಾಲ ಚೆನ್ನಾಗಿ ನೆನಪಿದೆ. ನುಡಿಯಲ್ಲಿ ಸುದ್ದಿ ಟೈಪ್ ಮಾಡಿ ಇಮೇಲ್ ಮಾಡಿದರೆ, ಆ ಕಡೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತಿತ್ತು. ಇಮೇಲ್ ಸರಿಯಾಗಿಯೇ ತಲುಪಿರುತ್ತಿತ್ತು. ತೊಂದರೆ ಇದ್ದದ್ದು ಹಳೆಯ ಫಾಂಟಿನ ಪದ್ಧತಿಯಲ್ಲಿ. ಎಲ್ಲರೂ ಯುನಿಕೋಡ್‌ಗೆ ಬಂದ ಮೇಲೆ ಆ ಗೋಳು ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ, ಈಗಲೂ ಕೆಲವರು ‘ನುಡಿಯಲ್ಲೇ ಕಳಿಸಿ’ ಅನ್ನುತ್ತಾರೆ.

ಒಳಗಿನ ಬರಹ ಕನ್ನಡವಾಯಿತು. ಆದರೆ ಲಕೋಟೆಯ ಮೇಲಿನ ವಿಳಾಸ? ಅದು ಇಂಗ್ಲಿಷ್‌ನಲ್ಲೇ ಇರಬೇಕಿತ್ತು. ಇದನ್ನು ಬದಲಾಯಿಸಲು ಅಂತರರಾಷ್ಟ್ರೀಯ ತಾಂತ್ರಿಕ ಗುಂಪೊಂದು 2007 ಮತ್ತು 2008ರಲ್ಲಿ ಪ್ರಾಯೋಗಿಕ ನಿಯಮ ತಂದಿತು. ಎದುರಿನ ಸರ್ವರ್‌ಗೆ ಹೊಸ ಅಕ್ಷರ ಬಾರದಿದ್ದರೆ ದಾರಿಯಲ್ಲೇ ವಿಳಾಸವನ್ನು ಇಂಗ್ಲಿಷ್‌ಗೆ ಇಳಿಸಿ ಕಳಿಸುವ ಉಪಾಯ ಅದರಲ್ಲಿತ್ತು. ಮಾಡಿ ನೋಡಿದಾಗ ಅದು ಗೋಜಲು ಎಂದು ತಿಳಿಯಿತು. 2012ರ ಪಕ್ಕಾ ನಿಯಮದಲ್ಲಿ ಆ ಉಪಾಯವನ್ನು ಕೈಬಿಟ್ಟರು. ಎದುರಿನವನಿಗೆ ಬಂದರೆ ಕೊಡು, ಬಾರದಿದ್ದರೆ ಕಳಿಸಿದವರಿಗೆ ತಿರುಗಿಸು. ಪ್ರಾಯೋಗಿಕ ಹಂತ ಇರುವುದೇ ಇದಕ್ಕೆ.

ನಿಯಮ ಬಂದರೆ ಸಾಲದು, ಸರ್ವರ್‌ಗೆ ಬರಬೇಕು. ಇಲ್ಲಿ ಮುಕ್ತ ತಂತ್ರಾಂಶದ ಗುಣ ಕಾಣುತ್ತದೆ. 2014ರ ಮೇ 15ರಂದು ಆರ್ನ್ಟ್ ಗುಲ್‌ಬ್ರಾಂಡ್‌ಸೆನ್ ಎಂಬ ತಂತ್ರಜ್ಞ ಪೋಸ್ಟ್‌ಫಿಕ್ಸ್‌ಗೆ ಒಂದು ತೇಪೆ ಬರೆದು ಬಿಡುಗಡೆ ಮಾಡಿದರು. ಅದಕ್ಕೆ ಹಣ ಕೊಟ್ಟದ್ದು ಚೀನಾದ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ. ಅವರಿಗೆ ಬೇಕಿದ್ದದ್ದು ಚೀನೀ ಅಕ್ಷರ. ಜುಲೈ 15ಕ್ಕೆ ವೆನೆಮಾ ಅದನ್ನು ತಿದ್ದಿ ಪ್ರಾಯೋಗಿಕ ಆವೃತ್ತಿಯಲ್ಲಿ ಸೇರಿಸಿದರು. 2015ರ ಫೆಬ್ರವರಿಯಲ್ಲಿ ಪೋಸ್ಟ್‌ಫಿಕ್ಸ್ 3.0 ಎಂಬ ಸ್ಥಿರ ಆವೃತ್ತಿಯಾಗಿ ಹೊರಬಂದಿತು. ಕನ್ನಡಕ್ಕಾಗಿ ಯಾರೂ ಅರ್ಜಿ ಹಾಕಿರಲಿಲ್ಲ. ಆದರೆ ಚೀನೀ ಅಕ್ಷರಕ್ಕೆ ತೆರೆದ ಬಾಗಿಲು ಯುನಿಕೋಡ್‌ನದು, ಹಾಗಾಗಿ ಕನ್ನಡವೂ ಅದರಲ್ಲೇ ಒಳಗೆ ಬಂತು. ಪರರು ತಿದ್ದಿ ಹಂಚಲು ಬಿಡದ ತಂತ್ರಾಂಶವಾಗಿದ್ದರೆ ಮಾಲೀಕನಿಗೆ ನಮ್ಮ ನೆನಪಾಗುವವರೆಗೆ ಕಾಯಬೇಕಿತ್ತು.

ಜಿಮೇಲ್ 2014ರ ಆಗಸ್ಟ್‌ನಲ್ಲಿ ಇಂಥ ವಿಳಾಸಗಳಿಗೆ ಕಳಿಸುವ, ಅಲ್ಲಿಂದ ಬಂದದ್ದನ್ನು ತೆಗೆದುಕೊಳ್ಳುವ ವ್ಯವಸ್ಥೆ ಮಾಡಿತು. ಅಂಥ ವಿಳಾಸವನ್ನು ತಾನೇ ಹಂಚಲಿಲ್ಲ. ಇಂಟರ್ನೆಟ್ ವಿಳಾಸದ ಕೊನೆಗೆ ಇಂಗ್ಲಿಷ್‌ನ ‘ಇನ್’ ಬದಲು ಕನ್ನಡದಲ್ಲೇ ‘.ಭಾರತ’ ಎಂದು ಬರೆಯುವ ಅವಕಾಶವೂ ಇದೆ. ರಾಜಸ್ಥಾನ ಸರ್ಕಾರ 2017ರ ಡಿಸೆಂಬರ್‌ನಲ್ಲೇ ಜನರಿಗೆ ಹಿಂದಿ ಅಕ್ಷರದ ಇಮೇಲ್ ವಿಳಾಸ ಕೊಡಲು ಶುರುಮಾಡಿತ್ತು. ತಂತ್ರದ ಮಟ್ಟಿಗೆ ಹೇಳುವುದಾದರೆ, ‘ಗೌರಮ್ಮ’ ಎಂದು ಕನ್ನಡದಲ್ಲೇ ಬರೆದು, @ ಹಾಕಿ, ಊರ ಹೆಸರನ್ನೂ ಕನ್ನಡದಲ್ಲೇ ಬರೆದು ವಿಳಾಸ ಮಾಡಲು ಬೇಕಾದ ಎಲ್ಲ ಮೆಟ್ಟಿಲುಗಳೂ ಸಿದ್ಧ ಇವೆ.

ಅಂಚೆಮನೆ ಈಗ ಯಾರ ಕೈಯಲ್ಲಿ

ಹಾಗಾದರೆ ನಮ್ಮ ಸಂಘ, ಡೇರಿ, ಪಂಚಾಯಿತಿಗಳು ತಮ್ಮದೇ ಇಮೇಲ್ ಸರ್ವರ್ ಇಟ್ಟುಕೊಳ್ಳಬಹುದೆ? ಇಟ್ಟುಕೊಳ್ಳಬಹುದು, ಕಾನೂನು ಅಡ್ಡ ಬರುವುದಿಲ್ಲ. ಆದರೆ ಸುಲಭ ಅಂತ ನಾವು ಹೇಳುವುದಿಲ್ಲ. ಪೋಸ್ಟ್‌ಫಿಕ್ಸ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಅದು ಕಳಿಸಿದ್ದನ್ನು ದೊಡ್ಡ ಕಂಪನಿಗಳ ಸರ್ವರ್‌ಗಳು ಸ್ಪ್ಯಾಂ ಎಂದು ತಳ್ಳದಂತೆ ನೋಡಿಕೊಳ್ಳುವುದು ವರ್ಷವಿಡೀ ಕೆಲಸ. ಇದು ನಮ್ಮದೇ ವಿಳಾಸ, ಇದು ನಮ್ಮದೇ ಮುದ್ರೆ, ನಕಲಿ ಬಂದರೆ ಹೀಗೆ ಮಾಡಿ ಎಂದು ಮೂರು ಬಗೆಯ ಪುರಾವೆ ಪ್ರಕಟಿಸಬೇಕು. ಅಷ್ಟಾದರೂ ಹೊಸ ಸರ್ವರ್ ಎಂದು ಅನುಮಾನ ಪಡುತ್ತಾರೆ. ನಿಯಮದಲ್ಲಿ ಎಲ್ಲರೂ ಸಮ, ರೂಢಿಯಲ್ಲಿ ದೊಡ್ಡವರ ಮಾತು ನಡೆಯುತ್ತದೆ.

ಸರ್ಕಾರವೇ ಈ ದಾರಿಯಲ್ಲಿ ನಡೆದು ಬಂದಿದೆ. ಕೇಂದ್ರದ ಎನ್‌ಐಸಿ ಅಧಿಕಾರಿಗಳಿಗೆ ಕೊಡುತ್ತಿದ್ದ ಇಮೇಲ್ ಬಹಳ ಕಾಲ ನಡೆದದ್ದು ಜಿಂಬ್ರಾ ಎಂಬ ತಂತ್ರಾಂಶದ ಮೇಲೆ. ಜಿಂಬ್ರಾದ ಹೊಟ್ಟೆಯೊಳಗೆ ಕಾಗದ ಹೊರುತ್ತಿದ್ದದ್ದು ಇದೇ ಪೋಸ್ಟ್‌ಫಿಕ್ಸ್. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದು ನೀತಿಯನ್ನೂ ಪ್ರಕಟಿಸಿತು. ಆಮೇಲೆ ಆ ಕೆಲಸ ಜೋಹೋ ಎಂಬ ತಮಿಳುನಾಡಿನ ಕಂಪನಿಗೆ ಹೋಯಿತು. ಸುಮಾರು 12 ಲಕ್ಷ ನೌಕರರ ಇಮೇಲ್ ಅಲ್ಲಿಗೆ ಸಾಗಿದೆ ಎಂದು 2025ರಲ್ಲಿ ಪತ್ರಿಕೆಗಳು ಬರೆದವು. ಕಂಪನಿ ನಮ್ಮ ದೇಶದ್ದು ಎಂಬುದು ಸಮಾಧಾನ. ಆದರೆ ದೇಶದ್ದಾಗಿರುವುದು ಬೇರೆ, ಮುಕ್ತವಾಗಿರುವುದು ಬೇರೆ. ಎರಡನ್ನೂ ಒಂದೇ ಎಂದು ಹೇಳುವವರ ಮಾತನ್ನು ನಾವು ಒಪ್ಪುವುದಿಲ್ಲ.

ಹಾಗಿದ್ದರೂ ಒಂದು ವಿಷಯ ಗಮನಿಸಿ. ಸರ್ವರ್ ಬದಲಾದರೂ ಅಧಿಕಾರಿಗಳ ವಿಳಾಸ ಬದಲಾಗಲಿಲ್ಲ, ಅವರಿಗೆ ನೀವು ಕಳಿಸುವ ದೂರು ಮೊದಲಿನಂತೆಯೇ ತಲುಪುತ್ತದೆ. @ ಗುರುತಿನ ಬಲಗಡೆಯ ಹೆಸರು ಸರ್ಕಾರದ್ದೇ ಆಗಿ ಉಳಿದದ್ದು ಇದಕ್ಕೆ ಕಾರಣ. ಆ ಹೆಸರು ಯಾರ ಕೈಯಲ್ಲಿದೆಯೋ ಅವರು ಹಿಂದಿರುವ ಸರ್ವರ್ ಬದಲಾಯಿಸಿಕೊಳ್ಳಬಹುದು. ನಮ್ಮ ಡೇರಿ ಅಥವಾ ರೈತ ಉತ್ಪಾದಕರ ಕಂಪನಿ ಮೊದಲ ಹಂತದಲ್ಲಿ ಇಷ್ಟು ಮಾಡಬಹುದು. ಸ್ವಂತ ಹೆಸರೊಂದನ್ನು ವರ್ಷದ ಶುಲ್ಕ ಕಟ್ಟಿ ಕೊಂಡು, ಸರ್ವರ್ ಸದ್ಯಕ್ಕೆ ಬಾಡಿಗೆಗೆ ತೆಗೆದುಕೊಳ್ಳುವುದು. ನಾಳೆ ಬಾಡಿಗೆಯವನು ಬೆಲೆ ಏರಿಸಿದರೆ ಹೆಸರು ಹೊತ್ತುಕೊಂಡು ಬೇರೆ ಕಡೆ ಹೋಗಬಹುದು. ಸ್ವಂತ ಸರ್ವರ್ ಎರಡನೆಯ ಹಂತ, ಅದನ್ನು ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿ ಊರಲ್ಲೇ ಸಿಕ್ಕಾಗ.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕುವವರಿಗೆ ಇನ್ನೂ ಸಣ್ಣ ಹಂತ ಒಂದಿದೆ. ನಿಮ್ಮ ಫೋನಿನಲ್ಲಿ ಈಗಾಗಲೇ ಒಂದು ಇಮೇಲ್ ಐಡಿ ಇದೆ, ಪ್ಲೇ ಸ್ಟೋರ್ ತೆರೆಯಲು ಅಂಗಡಿಯವನು ಮಾಡಿಕೊಟ್ಟದ್ದು. ಅದು ಯಾವುದು, ಪಾಸ್‌ವರ್ಡ್ ಏನು ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ, ಅರ್ಜಿಯಲ್ಲಿ ಅದನ್ನೇ ಕೊಡಿ.

ಕನ್ನಡದ ವಿಳಾಸ ಕೊಡಲು ಹೋದರೆ ಮಾತ್ರ ಇನ್ನೊಂದು ಗೋಡೆ ಎದುರಾಗುತ್ತದೆ. ಅರ್ಜಿಯ ಆ ಖಾನೆಯಲ್ಲಿ ಕನ್ನಡ ಅಕ್ಷರದ ಇಮೇಲ್ ಬರೆದರೆ ಎಷ್ಟೋ ಜಾಲತಾಣಗಳು ‘ಸರಿಯಾದ ಇಮೇಲ್ ಕೊಡಿ’ ಎಂದು ಕೆಂಪು ಅಕ್ಷರದಲ್ಲಿ ತಿರುಗಿಸಿಬಿಡುತ್ತವೆ. ಸರ್ವರ್‌ಗೆ ಕನ್ನಡ ಬರುತ್ತದೆ, ನಿಯಮಕ್ಕೂ ಬರುತ್ತದೆ. ಆ ಒಂದು ಖಾನೆ ಬರೆದವರಿಗೆ ಇನ್ನೂ ಬರಬೇಕು.